ಚಾಸಿ ಕೊಯ್ಯದೆ ಕೆಫೆ ರೇಸರ್: ಮಾವನ ಹಳೆ ಸ್ಪ್ಲೆಂಡರ್ ಕಟ್ಟಿಸಿದ ಅನುಭವ

ಹಳೆಯ ಹೀರೋ ಹೋಂಡಾ ಸ್ಪ್ಲೆಂಡರ್ ಬೈಕು ಒಂದನ್ನು ಕೆಫೆ ರೇಸರ್, ಅಂದರೆ ತಗ್ಗಿದ ಹ್ಯಾಂಡಲ್, ನೇರ ಸೀಟಿನ ಹಳೆ ಕಾಲದ ರೇಸ್ ಬೈಕಿನ ಆಕಾರಕ್ಕೆ ಮಾಡಿಸಿ ಈಗಷ್ಟೇ ಮುಗಿಸಿದ್ದೇನೆ. ಹೊರಟಾಗ ನನಗೆ ಸಿಕ್ಕಿದ್ದು ಬರೀ ಫೋಟೊ, ವಿಡಿಯೊ. ಅವುಗಳಲ್ಲಿ ಮೊದಲ ಕೆಲಸವೇ ಗ್ರೈಂಡರ್ ಹಿಡಿದು ಚಾಸಿಯ, ಅಂದರೆ ಬೈಕಿನ ಕಬ್ಬಿಣದ ಚೌಕಟ್ಟಿನ, ಹಿಂಭಾಗ ಕೊಯ್ದು ಹಾಕುವುದು. ಆರ್‌ಸಿ (ನೋಂದಣಿ ಪತ್ರ) ಏನಾಗುತ್ತದೆ, ಹಿಂದೆ ಕೂರುವವರು ಎಲ್ಲಿ ಕೂರಬೇಕು, ನಮ್ಮ ಕರಾವಳಿಯ ಉಪ್ಪು ಗಾಳಿಗೆ ಏನು ಗತಿ ಎಂದು ಯಾರೂ ಹೇಳಿರಲಿಲ್ಲ. ನಾನು ಚಾಸಿ ಕೊಯ್ಯಿಸಲಿಲ್ಲ. ಕೊಯ್ಯದೆಯೂ ಆ ಆಕಾರ ಬರುತ್ತದೆ, ಆದರೆ ಅದಕ್ಕೆ ಬೇರೆಯದೇ ದಾರಿ ಹಿಡಿಯಬೇಕು. ಅದನ್ನು ನೆನಪಿರುವಾಗಲೇ ಬರೆಯುತ್ತಿದ್ದೇನೆ.

ಬೈಕು ನನ್ನ ಸೋದರಮಾವನದು, 1999ರ ಮಾಡೆಲ್. ಮಾವ ಅಂಕೋಲೆಯಿಂದ ಅವರ್ಸಾ ಕಡೆಯ ಶಾಲೆಗೆ ವರ್ಷಗಟ್ಟಲೆ ಅದರಲ್ಲೇ ಓಡಾಡಿದವರು. ನಿವೃತ್ತಿಯ ನಂತರ ಸ್ಕೂಟರ್ ಬಂತು, ಬೈಕು ಕೊಟ್ಟಿಗೆ ಸೇರಿತು. "ಗುಜರಿಗೆ ಹಾಕೂಕೆ ಮನಸೇ ಬರ್ತಿಲ್ಲ ತಮಾ, ನೀನೇ ತಗಂಡು ಹೋಗು" ಎಂದರು. ರಿಮ್ಮಿನ ಕ್ರೋಮ್ ಎಲ್ಲ ಎದ್ದಿತ್ತು, ಕಡ್ಡಿಗಳಿಗೆ ತುಕ್ಕು, ಟ್ಯಾಂಕಿನೊಳಗೆ ಇನ್ನೂ ಹೆಚ್ಚು. ಇಂಜಿನ್ ಮಾತ್ರ ಜಾಮ್ ಆಗಿರಲಿಲ್ಲ, ಕಿಕ್ಕರ್ ಒತ್ತಿದರೆ ಇಳಿಯುತ್ತಿತ್ತು. ಅಷ್ಟು ಸಾಕಿತ್ತು ನನಗೆ.

ಈ ಆಕಾರದ ಹುಚ್ಚು ನನಗೆ ಹಿಡಿದದ್ದು ರಾಯಲ್ ಎನ್‌ಫೀಲ್ಡ್ 2013ರಲ್ಲಿ ಕಾಂಟಿನೆಂಟಲ್ ಜಿಟಿ 535 ತಂದಾಗ. ಅದಕ್ಕೂ ಹಿಂದೆ ಹೋದರೆ 1950, 60ರ ದಶಕದ ಲಂಡನ್. ಅಲ್ಲಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಏಸ್ ಕೆಫೆಯ ಮುಂದೆ ಸೇರುತ್ತಿದ್ದ ಹುಡುಗರು ಬೈಕಿನಿಂದ ಬೇಡದ್ದೆಲ್ಲ ಕಿತ್ತು, ಹ್ಯಾಂಡಲ್ ಕೆಳಗಿಳಿಸಿ, ಗಂಟೆಗೆ ನೂರು ಮೈಲಿ ಮುಟ್ಟಿಸಲು ಪೈಪೋಟಿ ನಡೆಸುತ್ತಿದ್ದರು. ಸ್ಪ್ಲೆಂಡರ್‌ನ 97.2 ಸಿಸಿ ಇಂಜಿನ್ನಿಂದ ಆ ವೇಗ ಬರುವುದಿಲ್ಲ, ನನಗೆ ಅದು ಬೇಕೂ ಇರಲಿಲ್ಲ. ಟ್ಯಾಂಕಿನ ತಳದಿಂದ ಸೀಟಿನ ತುದಿಯವರೆಗೆ ಒಂದೇ ನೇರ ಗೆರೆ, ಮುಂದೆ ಒಂದು ಗುಂಡು ದೀಪ, ಮೈಮೇಲೆ ಬೇಡದ ಪ್ಲಾಸ್ಟಿಕ್ ಇಲ್ಲದಿರುವುದು, ಇಷ್ಟೇ ಆಸೆ.

ಕುಮಟಾದ ನನ್ನ ಮೇಸ್ತ್ರಿ ಮೊದಲ ದಿನವೇ ಖಡಾಖಂಡಿತ ಹೇಳಿಬಿಟ್ಟರು. "ತಮಾ, ಚಾಸಿಗೆ ಕಟರ್ ತಾಗಿಸೂದಾದ್ರೆ ಬೇರೆ ಕಡೆ ನೋಡು. ನಾ ಮಾಡೂದಿಲ್ಲ." ಆಗ ಬೇಜಾರಾಯಿತು. ಮನೆಗೆ ಬಂದು ಕಾನೂನು ಓದಿದ ಮೇಲೆ ಅವರು ಹೇಳಿದ್ದರ ತೂಕ ತಿಳಿಯಿತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ದಾಖಲಾದ ವಿವರಗಳು ಕಂಪನಿಯ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಅಡಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ಹಿಡಿದು ಕೂತೆ. ಬಣ್ಣ ಕಪ್ಪು. ಆಸನ ಎರಡು. ಸವಾರನ ಹಿಂದೆ ಒಬ್ಬರು ಕೂರುವ ಬೈಕು ಎಂದು ಬರೆದಿದೆ. ಇವು ಮೂರೂ ಹಾಗೆಯೇ ಉಳಿಯಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಒಂಟಿ ಸೀಟಿನ ಆಸೆ ಬಿಡಬೇಕಾಯಿತು. ಹಿಂದೆ ಕೂರುವವರಿಗೆ ಹಿಡಿ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧವಾದರೂ ಮುಚ್ಚುವ ಸಾರಿ ಗಾರ್ಡ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಫೋಟೊಗಳಲ್ಲಿ ಎಲ್ಲರೂ ಮೊದಲು ಕಿತ್ತೆಸೆಯುವುದು ಈ ಮೂರನ್ನೇ.

ಮುಂದಿನದು ಕಾಗದ. ನಿಮ್ಮ ಬೈಕಿನ ಆರ್‌ಸಿ ಅವಧಿ ಮುಗಿದಿದ್ದರೆ ಬೈಕು ಬಿಚ್ಚುವ ಮೊದಲೇ ನವೀಕರಿಸಿ. ಬಿಚ್ಚಿದ ಬೈಕನ್ನು ಆರ್‌ಟಿಒ ತಪಾಸಣೆಗೆ ಒಯ್ಯಲಾಗುವುದಿಲ್ಲ, ಕಟ್ಟಿದ ಮೇಲೆ ಒಯ್ದರೆ ಹತ್ತು ಪ್ರಶ್ನೆ. ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಣ ಆಗಬೇಕು. ಮಾವ ಎರಡು ಸಲ ಮಾಡಿಸಿದ್ದರು, 2024ರಲ್ಲಿ ಮುಗಿದದ್ದನ್ನು ಹಾಗೇ ಬಿಟ್ಟಿದ್ದರು. ತಡವಾದರೆ ಬೈಕಿಗೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಶುಲ್ಕ ಬೆಳೆಯುತ್ತಲೇ ಹೋಗುತ್ತದೆ. ಇಪ್ಪತ್ತು ವರ್ಷ ದಾಟಿದ ಬೈಕುಗಳ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ 2000 ರೂಪಾಯಿ ಆಗಿದೆ, ನಾವು ಅರ್ಜಿ ಹಾಕಿದ್ದು ಅದಾದ ಮೇಲೆ. ಜೊತೆಗೆ ಹಸಿರು ತೆರಿಗೆ, ಹೊಗೆ ತಪಾಸಣೆ, ಥರ್ಡ್ ಪಾರ್ಟಿ ವಿಮೆ. 75ರಿಂದ 150 ಸಿಸಿವರೆಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿ ಮತ್ತು ಜಿಎಸ್‌ಟಿ. ಎಲ್ಲ ಸೇರಿ ಕಾಗದಕ್ಕೇ ಒಂಬತ್ತು ಸಾವಿರದ ಹತ್ತಿರ ಹೋಯಿತು. ಹಳೆ ಬೈಕು ಪುಕ್ಕಟೆ ಸಿಕ್ಕಿತು ಎಂದು ಖುಷಿಪಡುವವರು ಈ ಲೆಕ್ಕ ಮೊದಲು ಹಾಕಿಕೊಳ್ಳಿ.

ಹಣಕ್ಕಿಂತ ಹೆಚ್ಚು ಕಾಡಿದ್ದು ಕಾಯುವುದು. ಆ ಕಾಲದ ಆರ್‌ಸಿ ಪುಸ್ತಕದ ರೂಪದ್ದು. ವಿವರ ಸಾರಿಗೆ ಇಲಾಖೆಯ ವಾಹನ್ ಪೋರ್ಟಲ್‌ನಲ್ಲಿ ಪೂರ್ತಿ ಇರಲಿಲ್ಲ. ಅದು ಏರದೆ ಆನ್‌ಲೈನ್ ಅರ್ಜಿ ಮುಂದೆ ಹೋಗುವುದಿಲ್ಲ. ಮೂಲ ಆರ್‌ಸಿ, ಮಾವನ ಆಧಾರ್, ಹಳೆ ತೆರಿಗೆ ರಸೀದಿ ಇಟ್ಟು ಬ್ಯಾಕ್‌ಲಾಗ್ ಎಂಟ್ರಿಗೆ, ಅಂದರೆ ಹಳೆ ದಾಖಲೆಯನ್ನು ಪೋರ್ಟಲ್‌ಗೆ ಏರಿಸಲು, ಅರ್ಜಿ ಕೊಟ್ಟೆವು. ಮಾವ ಹಳೆ ರಸೀದಿಗಳನ್ನೆಲ್ಲ ಟ್ರಂಕಿನಲ್ಲಿ ಜೋಪಾನ ಮಾಡಿಟ್ಟಿದ್ದು ನಮ್ಮನ್ನು ಉಳಿಸಿತು. ಮೊಬೈಲ್ ನಂಬರ್ ವಿಷಯವನ್ನೂ ಹೇಳಲೇಬೇಕು: ಒಟಿಪಿ ಬರುವುದು ದಾಖಲೆಯಲ್ಲಿರುವ ಮಾಲೀಕರ ನಂಬರಿಗೆ. ಅದು ಚಾಲ್ತಿಯಲ್ಲಿ ಇದೆಯೋ ಇಲ್ಲವೋ ಮೊದಲು ನೋಡಿ. ನವೀಕರಣ ಮಾವನ ಹೆಸರಲ್ಲೇ ಆಗಿ, ಆಮೇಲೆ ಫಾರಂ 29 ಮತ್ತು 30 ತುಂಬಿ ನನ್ನ ಹೆಸರಿಗೆ ವರ್ಗ ಮಾಡಿಸಿಕೊಂಡೆ.

ತಪಾಸಣೆಗೆ ಮುಂಚೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯಬೇಕಿತ್ತು. ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲೆ ನಂಬರ್ ಕೊರೆದಿರುತ್ತದೆ. ನಮ್ಮದರಲ್ಲಿ ಅಲ್ಲಿ ಕಂಡದ್ದು ಬರೀ ಕೆಂಪು ತುಕ್ಕು. ನಾನು ಸ್ಯಾಂಡ್ ಪೇಪರ್ ತೆಗೆದೆ, ಮೇಸ್ತ್ರಿ ಕೈ ಹಿಡಿದರು. "ಉಜ್ಜಿದ್ರೆ ನಂಬರೂ ಹೋಗ್ತದೆ, ಬೈಕೂ ಹೋಗ್ತದೆ." ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ರಾತ್ರಿಯಿಡೀ ಅಲ್ಲೇ ಸುತ್ತಿಟ್ಟರು. ಬೆಳಿಗ್ಗೆ ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಮೆಲ್ಲಗೆ ತಿಕ್ಕಿದರು. ಒಂದೊಂದೇ ಅಕ್ಷರ ಮೇಲೆ ಬಂತು. ಕಾಗದ ಇಟ್ಟು ಪೆನ್ಸಿಲ್ ಓಡಿಸಿದಾಗ ಸಾಲಿನ ಕೊನೆಯ ಅಂಕೆಯವರೆಗೂ ಸ್ಪಷ್ಟ ಮೂಡಿತು. ಎದೆಯ ಭಾರ ಇಳಿಯಿತು.

ತಪಾಸಣೆಯ ದಿನ ಬೈಕು ಮೂಲ ರೂಪದಲ್ಲೇ ಇತ್ತು. ಎರವಲು ಟೈರು, ತಾತ್ಕಾಲಿಕ ರಿಪೇರಿ ಮಾಡಿದ ಬ್ರೇಕು. ಹಾರ್ನ್, ದೀಪ, ಇಂಡಿಕೇಟರ್, ಬ್ರೇಕ್, ನಂಬರ್ ಎಲ್ಲ ನೋಡಿದರು. ಮಾವ ಬೆಳಿಗ್ಗೆಯೇ ಬಂದು ಬೈಕಿನ ಪಕ್ಕ ನಿಂತಿದ್ದರು, ಕೂರೆಂದರೂ ಕೂರಲಿಲ್ಲ. ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ ನಂಬರ್) ಪ್ಲೇಟ್ ಬಗ್ಗೆ ಒಂದು ಮಾತು: ಅದರ ಲಾಕ್ ಒಮ್ಮೆ ಹಾಕಿದರೆ ಮುರಿಯದೆ ಬಿಚ್ಚಲು ಬರುವುದಿಲ್ಲ. ಮಡ್‌ಗಾರ್ಡಿಗೆ ನೇರವಾಗಿ ಹಾಕಿಸದೆ, ಬೋಲ್ಟ್‌ನಲ್ಲಿ ಕೂರುವ ಒಂದು ಕಬ್ಬಿಣದ ಪಟ್ಟಿಗೆ ಹಾಕಿಸಿ. ಆಮೇಲೆ ಪಟ್ಟಿ ಸಮೇತ ಬಿಚ್ಚಿ ಹೊಸ ಜಾಗಕ್ಕೆ ಕೂರಿಸಬಹುದು.

ಇಷ್ಟೆಲ್ಲ ಆದ ಮೇಲೆ ಬೈಕು ಬಿಚ್ಚಿದೆವು. ಬಿಚ್ಚುವಾಗ ಪ್ರತಿ ಬೋಲ್ಟನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹೆಸರು ಬರೆದೆ, ಫೋಟೊ ತೆಗೆದೆ.

ಇಂಜಿನ್ ಕೆಲಸ ದೊಡ್ಡದೇನಲ್ಲ, ಈ ಇಂಜಿನ್ ಬಿಚ್ಚಲು ಬಾರದ ಮೇಸ್ತ್ರಿ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಸಿಲಿಂಡರ್ ಹಿಂದೆ ಒಮ್ಮೆ ಬೋರ್ ಆಗಿತ್ತು, ಅಂದರೆ ಸವೆದ ಒಳಗೋಡೆಯನ್ನು ಕೊರೆದು ತುಸು ಅಗಲಿಸಿದ್ದರು. ಈ ಸಲ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿ ಲೇತ್‌ನಲ್ಲಿ ಬೋರ್ ಮಾಡಿಸಿದೆವು. ವಾಲ್ವ್ ಗ್ರೈಂಡಿಂಗ್, ಟೈಮಿಂಗ್ ಚೈನ್, ಕ್ಲಚ್ ಪ್ಲೇಟ್, ಆಯಿಲ್ ಸೀಲ್‌ಗಳು. ಏಳೂವರೆ ಸಾವಿರ. ದೊಡ್ಡ ಇಂಜಿನ್ ಕೂರಿಸುವ ಸಲಹೆ ಕೊಟ್ಟವರಿದ್ದರು. ಇಂಜಿನ್ ನಂಬರ್, ಸಿಸಿ ಎರಡೂ ಆರ್‌ಸಿಯಲ್ಲಿ ಇರುವಾಗ ಆ ದಾರಿ ಬೇಡವೇ ಬೇಡ.

ಟ್ಯಾಂಕಿಗೆ ಸಮಯ ಕೊಟ್ಟೆ. ಪೆಟ್ರೋಲ್ ಕಾಕ್ ಬಿಚ್ಚಿ ತೂತಿಗೆ ರಬ್ಬರ್ ಬಿರಡೆ ಹಾಕಿ, ಕಿರಾಣಿ ಅಂಗಡಿಯ ಸಿಟ್ರಿಕ್ ಆಸಿಡ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ತುಂಬಿದೆ. ಒಂದು ಹಿಡಿ ಹಳೆ ನಟ್ಟುಗಳನ್ನೂ ಒಳಗೆ ಹಾಕಿ ಆಗಾಗ ಅಲ್ಲಾಡಿಸಿದೆ. ಮಾರನೇ ದಿನ ಬಗ್ಗಿಸಿದರೆ ಹೊರಬಂದದ್ದು ಥೇಟ್ ನಮ್ಮನೆಯ ಕಷಾಯದ ಬಣ್ಣ. ನೀರು ತಿಳಿಯಾಗುವವರೆಗೂ ಇದೇ ಕೆಲಸ. ಕೊನೆಗೆ ಅಡಿಗೆ ಸೋಡಾ ನೀರಲ್ಲಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಬೇಕು. ಒಣಗಿದ ಕೂಡಲೇ ಒಳಗೆಲ್ಲ 2ಟಿ ಆಯಿಲ್ ಸವರಿ. ಕಡಲ ಬದಿಯ ಗಾಳಿಗೆ ತೊಳೆದ ಕಬ್ಬಿಣ ಸಂಜೆಯೊಳಗೆ ಮತ್ತೆ ಕೆಂಪಗಾಗುತ್ತದೆ.

ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಲು ಹುಬ್ಬಳ್ಳಿಗೆ ಒಯ್ದೆ. ಗೆಳೆಯನ ಪಿಕಪ್ ಯಲ್ಲಾಪುರದ ಮೇಲೆ ಹೋಗುವುದಿತ್ತು. ಬರೀ ಚಾಸಿ ಸಾಗಿಸುವಾಗ ಆರ್‌ಸಿ ಪ್ರತಿ ಜೊತೆಗಿರಲಿ, ದಾರಿಯಲ್ಲಿ ಪೊಲೀಸರು ಕೇಳಿದರೆ ತೋರಿಸಲು ಬೇಕು. ಅಂಗಡಿಯಲ್ಲಿ ಅತಿ ಮುಖ್ಯವಾಗಿ ಹೇಳಬೇಕಾದದ್ದು ಚಾಸಿ ನಂಬರಿನ ಜಾಗ. ಕೋಟಿಂಗಿಗೆ ಮುಂಚೆ ಮರಳು ಹೊಡೆದು ತುಕ್ಕು ತೆಗೆಯುತ್ತಾರೆ. ಅದರ ರಭಸಕ್ಕೆ ನಂಬರ್ ಮಾಸಿಹೋಗುವ ಅಪಾಯವಿದೆ. ಮೇಲಿಂದ ಪೌಡರ್ ಪದರವೂ ಕೂತರೆ ಮುಗಿಯಿತು. ಶಾಖ ತಡೆಯುವ ಟೇಪ್ ಅಂಟಿಸಿ, ನಾನು ಅಲ್ಲೇ ನಿಂತು ನೋಡಿಕೊಂಡೆ. ಆ ಅಂಗಡಿಯವರು ಮಾತಿನಂತೆ ನಡೆದರು. ಕೋನ್ ಸೆಟ್, ಬುಷ್, ರಬ್ಬರ್ ಎಲ್ಲ ಮೊದಲೇ ತೆಗೆದಿರಬೇಕು, ಇನ್ನೂರು ಡಿಗ್ರಿ ಆಸುಪಾಸಿನ ಭಟ್ಟಿಯಲ್ಲಿ ಯಾವುದೂ ಉಳಿಯುವುದಿಲ್ಲ. ನಾಲ್ಕು ಸಾವಿರ ತೆಗೆದುಕೊಂಡರು. ಉಪ್ಪು ಗಾಳಿಯ ಊರಲ್ಲಿ ಈ ದುಡ್ಡು ಉಳಿಸಲು ಹೋಗಬೇಡಿ.

ನಿಜವಾದ ತಲೆನೋವು ಆಕಾರದ್ದು. ಸ್ಪ್ಲೆಂಡರ್ ಚಾಸಿಯ ಹಿಂಭಾಗ ಸೀಟಿನ ಕೆಳಗೆ ಮೇಲಕ್ಕೆ ಏರುತ್ತದೆ. ನೇರ ಗೆರೆ ಬರಬೇಕೆಂದರೆ ಎಲ್ಲರೂ ಅದನ್ನೇ ಕೊಯ್ಯುವುದು. ನಾವು ಸೀಟಿನ ತಳದಲ್ಲಿ ಉತ್ತರ ಹುಡುಕಿದೆವು. ರಟ್ಟು ಕತ್ತರಿಸಿ ಅಳತೆ ನೋಡಿ, ಅದೇ ಅಳತೆಗೆ ತಗಡಿನ ತಳ ಮಾಡಿಸಿ, ಮುಂದೆ ಸ್ಪಂಜು ದಪ್ಪ, ಹಿಂದೆ ಹೋದಂತೆ ತೆಳ್ಳಗೆ. ತಳದ ಏರನ್ನು ಸ್ಪಂಜಿನ ಇಳಿತ ಮುಚ್ಚಿತು. ಬದಿಯಿಂದ ನೋಡಿದರೆ ಮೇಲ್ಗೆರೆ ನೇರ. ಹೊಲಿದವರು ಬಸ್ ಸೀಟು ಮಾಡುವ ಕುಶನ್ ಅಂಗಡಿಯವರು. ಅಡ್ಡಡ್ಡ ಪಟ್ಟಿ ಹೊಲಿಗೆಯ ಕಂದು ರೆಕ್ಸಿನ್, 2800 ರೂಪಾಯಿ. ಹೊಲಿಗೆಯ ತೂತಿನಿಂದ ಮಳೆನೀರು ಇಳಿಯದಂತೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಕಲು ಮರೆಯದೆ ಹೇಳಿ. ಸೀಟಿನ ಹಿಂಬದಿಗೆ ಒಂದು ಕೌಲ್, ಅಂದರೆ ಹಿಂದಿನ ಆಸನ ಮುಚ್ಚುವ ಗೂನಿನಂಥ ಮುಚ್ಚಳ, ಮಾಡಿಸಿದ್ದೇನೆ, ಎರಡು ಬೋಲ್ಟ್ ಬಿಚ್ಚಿದರೆ ಅದು ಕಳಚಿ ಹಿಂದಿನ ಆಸನ ತೆರೆದುಕೊಳ್ಳುತ್ತದೆ. ಹಿಡಿಗೆ ಮೂಲ ತೂತುಗಳಿಗೇ ಕೂರುವ ಸಣ್ಣ ಕಬ್ಬಿಣದ ಬಳೆ. ಸಾರಿ ಗಾರ್ಡನ್ನು ಕಪ್ಪು ಮಾಡಿಸಿ ಹಾಗೆಯೇ ಬಿಟ್ಟೆ. ಕಣ್ಣಿಗೆ ಚುಚ್ಚುವುದಿಲ್ಲ.

ಹ್ಯಾಂಡಲ್ಲಿಗೆ ಕ್ಲಿಪ್-ಆನ್ (ಮುಂದಿನ ಫೋರ್ಕ್ ಕೊಳವೆಗಳಿಗೇ ಕಚ್ಚಿಸುವ ತೀರ ತಗ್ಗಿನ ಹಿಡಿಗಳು) ಬೇಡವೆಂದು ಮೇಸ್ತ್ರಿ ಹೇಳಿದರು, ಕಾರಣ ಫುಟ್‌ರೆಸ್ಟ್. ಕೆಫೆ ರೇಸರಿನಲ್ಲಿ ಕಾಲು ಹಿಂದಕ್ಕೆ ಹೋಗಬೇಕು, ಆಗ ಬೆನ್ನು ಬಾಗಿದರೂ ಭಾರ ಹಂಚಿಹೋಗುತ್ತದೆ. ಆದರೆ ಈ ಸ್ಪ್ಲೆಂಡರ್‌ಗೆ ಸೆಲ್ಫ್ ಇಲ್ಲ, ಕಿಕ್ಕರ್ ಮಾತ್ರ. ಫುಟ್‌ರೆಸ್ಟ್ ಹಿಂದೆ ಹೋದರೆ ಕಿಕ್ಕರ್ ಅದಕ್ಕೇ ಬಡಿಯುತ್ತದೆ. ಸೈಡ್ ಸ್ಟ್ಯಾಂಡ್ ಕೂಡ ಮೂಲ ಫುಟ್‌ರೆಸ್ಟ್ ಸರಳಿಗೇ ಸೇರಿಕೊಂಡಿದೆ. ಗೇರ್ ಲಿವರಿಗೆ ಬೇರೆ ಕೊಂಡಿ ಮಾಡಿಸಬೇಕು. ಕಾಲು ಮುಂದೆಯೇ ಇದ್ದು ಹ್ಯಾಂಡಲ್ ಮಾತ್ರ ತೀರ ಕೆಳಗಿಳಿದರೆ ಇಡೀ ಮೈಭಾರ ಮಣಿಕಟ್ಟಿನ ಮೇಲೆ. ಹಾಗಾಗಿ ಮೂಲ ಫುಟ್‌ರೆಸ್ಟ್ ಉಳಿಸಿ, ಮೂಲ ಕ್ಲಾಂಪಿಗೇ ಕೂರುವ, ತುಸು ತಗ್ಗಾದ ನೇರ ಹ್ಯಾಂಡಲ್ ಹಾಕಿದೆವು. ಹ್ಯಾಂಡಲ್ ಇಳಿದ ಮೇಲೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಕೇಬಲ್‌ಗಳು ಉದ್ದವಾಗಿ ಸುತ್ತಿಕೊಂಡವು. ಪೂರ್ತಿ ತಿರುಗಿಸಿದಾಗ ಆಕ್ಸಿಲರೇಟರ್ ತಾನಾಗಿ ಎಳೆಯುತ್ತಿತ್ತು. ಹೊಸ ಹ್ಯಾಂಡಲ್ ಹಾಕಿದವರು ಇಂಜಿನ್ ಚಾಲೂ ಇಟ್ಟು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಲೇಬೇಕು, ಘಟ್ಟದ ತಿರುವಿನಲ್ಲಿ ಗೊತ್ತಾದರೆ ಕಷ್ಟ.

ಗುಂಡು ಹೆಡ್‌ಲೈಟಿಗೆ ಎಲ್‌ಇಡಿ ಹಾಕಿದಾಗ ಅದು ಮಿಣಮಿಣ ಮಿನುಗಿತು. ಹಳೆ ಸ್ಪ್ಲೆಂಡರ್‌ನ ಹೆಡ್‌ಲೈಟಿಗೆ ಕರೆಂಟ್ ಬರುವುದು ಬ್ಯಾಟರಿಯಿಂದಲ್ಲ, ನೇರ ಮ್ಯಾಗ್ನೆಟ್ ಕಾಯಿಲಿನಿಂದ, ಅದೂ ಎಸಿ. ಎಲ್‌ಇಡಿ ಬೇಕೆಂದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್, ವೈರಿಂಗ್ ಎಲ್ಲ ಬದಲಾಗಬೇಕು. ಮಾಮೂಲಿ 35 ವ್ಯಾಟ್ ಬಲ್ಬೇ ಸಾಕೆಂದು ಬಿಟ್ಟೆವು. ಏರ್ ಫಿಲ್ಟರ್ ಡಬ್ಬಿ ತೆಗೆದು ಬಯಲಿಗೆ ಕಾಣುವ ಫಿಲ್ಟರ್ ಹಾಕುವ ಫ್ಯಾಷನ್ನೂ ನನಗೆ ಸರಿ ಕಾಣಲಿಲ್ಲ. ಜೆಟ್ ಬದಲಿಸಿ ಕಾರ್ಬೊರೇಟರ್ ಮತ್ತೆ ಹೊಂದಿಸಬೇಕು, ಮೇಲಾಗಿ ಜುಲೈ ತಿಂಗಳ ನಮ್ಮ ಮಳೆಗೆ ಅದು ನೀರು ಕುಡಿಯುತ್ತದೆ. ಚೈನ್ ಕವರ್ ಕೂಡ ಉಳಿಯಿತು. ಮರಳು, ಉಪ್ಪು ಎರಡೂ ಇರುವ ಊರಲ್ಲಿ ಚೈನನ್ನು ಬತ್ತಲೆ ಬಿಡಲು ಮನಸ್ಸಾಗಲಿಲ್ಲ. ಕನ್ನಡಿಗಳನ್ನು ಹ್ಯಾಂಡಲ್ ತುದಿಗೆ ಹಾಕಿದೆ, ಎರಡೂ ಕಡೆ. ಸೈಲೆನ್ಸರ್ ಕಂಪನಿಯದೇ.

ಟ್ಯಾಂಕಿನ ಪೇಂಟ್ ಮಳೆಗಾಲದ ಹೊಸ್ತಿಲಿಗೆ ಬಂದು ನಿಂತಿತ್ತು. ಮೋಡ ಮುಚ್ಚಿದ ಸಂಜೆ ಹೊಡೆದ ಕಪ್ಪಿನ ಮೇಲೆ ಬೆಳಗಾಗುವಷ್ಟರಲ್ಲಿ ಬಿಳಿ ಮಬ್ಬು ಕೂತಿತ್ತು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ತಿನ್ನರ್ ಬೇಗ ಆರಿ ಹೀಗಾಗುತ್ತದೆ. ನೋಡಿ ನಾನು ಕುಸಿದೇ ಹೋದೆ. ಪೇಂಟರ್ ಮಾತ್ರ ಗಾಬರಿಯಾಗಲಿಲ್ಲ. ನೀರುಪೇಪರ್ ಹೊಡೆದು, ನಿಧಾನ ಆರುವ ತಿನ್ನರ್ ತರಿಸಿ, ಬಿಸಿಲು ಬಿದ್ದ ದಿನ ಹತ್ತು ಗಂಟೆಯ ಮೇಲೆ ಮತ್ತೆ ಹೊಡೆದರು. ಈ ಸಲ ಕನ್ನಡಿ. ಅದರ ಮೇಲೆ ಕೈಯಿಂದ ಎಳೆದ ಒಂದು ಬಂಗಾರ ಬಣ್ಣದ ಗೆರೆ. ಆರ್‌ಸಿಯಲ್ಲಿ ಕಪ್ಪು, ಟ್ಯಾಂಕೂ ಕಪ್ಪು. ಕರಾವಳಿಯವರು ಪೇಂಟನ್ನು ಮಾರ್ಚ್ ಒಳಗೇ ಮುಗಿಸಿಕೊಳ್ಳುವುದು ಒಳ್ಳೆಯದು.

ರಿಮ್, ಕಡ್ಡಿ, ಟೈರಿಗೆ ಏಳು ಸಾವಿರದ ಚಿಲ್ಲರೆ. ಔಟ್ ತೆಗೆಯುವವರು, ಅಂದರೆ ಕಡ್ಡಿ ಬಿಗಿದು ರಿಮ್ಮಿನ ಸೊಟ್ಟ ಸರಿಮಾಡುವವರು, ಈಗ ಕಮ್ಮಿ, ಒಳ್ಳೆಯವರು ಸಿಕ್ಕರೆ ಕಾದಾದರೂ ಅವರಲ್ಲೇ ಮಾಡಿಸಿ. ಮೇಸ್ತ್ರಿ ಕೂಲಿ, ಸಣ್ಣಪುಟ್ಟದ್ದು, ಕಾಗದ ಎಲ್ಲ ಸೇರಿ ಒಟ್ಟು ನಲವತ್ತೈದು ಸಾವಿರದ ಹತ್ತಿರ ಬಂತು. ಶುರು ಮಾಡುವಾಗ ಇಪ್ಪತ್ತೈದರಲ್ಲಿ ಮುಗಿಯುತ್ತದೆ ಎಂದಿದ್ದರು ಎಲ್ಲರೂ.

ಬೋರ್ ಆದ ಇಂಜಿನ್ ಆದ್ದರಿಂದ ಮೊದಲ ಐನೂರು ಕಿಲೋಮೀಟರ್ ನಲವತ್ತು, ನಲವತ್ತೈದರ ವೇಗ ದಾಟಿಸಲಿಲ್ಲ. ಆಯಿಲ್ ಬದಲಿಸಿ ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತಿಸಿದೆ. ಕಾಡಿನ ನೆರಳಿಗೆ ಬಂದಮೇಲೆ ಆ ತಗ್ಗಿದ ಹ್ಯಾಂಡಲ್ ಯಾಕೆಂದು ಮೈಗೆ ತಿಳಿಯಿತು. ತಿರುವಿನಲ್ಲಿ ಎದೆ ಟ್ಯಾಂಕಿನ ಮೇಲೆ ಬಾಗುತ್ತದೆ, ಮುಂದಿನ ಚಕ್ರ ಕೈಯಲ್ಲೇ ಇದ್ದಂತೆ ಅನಿಸುತ್ತದೆ. ಶಿರಸಿ ಮುಟ್ಟುವಾಗ ಮಣಿಕಟ್ಟು ನೋಯುತ್ತಿತ್ತು, ಖುಷಿಗೆ ಅದು ಗೊತ್ತೇ ಆಗಲಿಲ್ಲ. ಮಾವನನ್ನೂ ಕೌಲ್ ಬಿಚ್ಚಿ ಹಿಂದೆ ಕೂರಿಸಿಕೊಂಡು ಅಂಕೋಲೆ ಪೇಟೆ ಸುತ್ತಿಸಿದ್ದೇನೆ. "ಸೀಟು ಗಟ್ಟಿ ಆಯ್ತು, ಶಬ್ದ ಮಾತ್ರ ನಂದೇ" ಎಂದರು.

ಇನ್ನೆರಡು ಕೆಲಸ ಬಿಡಬೇಡಿ. ಏನೇನು ಬದಲಿಸಿದ್ದೀರಿ ಎಂದು ವಿಮೆಯವರಿಗೆ ಬರೆದು ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಹೇಳದೆ ಬಿಟ್ಟರೆ ಮುಂದೆ ಕ್ಲೇಮ್ ಸಮಯದಲ್ಲಿ ತಕರಾರು ತೆಗೆಯಬಹುದು. ಮತ್ತೆ, ಬಿಚ್ಚಿದ ಯಾವ ಸಾಮಾನನ್ನೂ ಗುಜರಿಗೆ ಕೊಡಬೇಡಿ. ಐದು ವರ್ಷಕ್ಕೆ ಮತ್ತೆ ತಪಾಸಣೆ ಇದೆ. ಹಳೆ ಹ್ಯಾಂಡಲ್, ಸೀಟು, ಹೆಡ್‌ಲೈಟ್ ಡೂಮ್, ಹಿಂದಿನ ಹಿಡಿ ಎಲ್ಲಕ್ಕೂ ಗ್ರೀಸ್ ಸವರಿ ಗೋಣಿಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇನೆ. ಚಾಸಿ ಕೊಯ್ಯದ ಕಾರಣ ಒಂದು ಮಧ್ಯಾಹ್ನದ ಕೆಲಸದಲ್ಲಿ ಅವೆಲ್ಲ ಮೊದಲಿನ ಜಾಗಕ್ಕೆ ಕೂರುತ್ತವೆ.